ಹಸಿರು ಹಾಳೆಯ ಮೇಲಿನ ಎರಡು ಸಾಲು

ದೆವ್ವ, ಗಾಳಿ, ಶಕುನ ಎಂದು ಯಾರಾದರೂ ಮಾತು ತೆಗೆದರೆ ಎದ್ದು ಹೋಗಿ ಚಹಾಕ್ಕೆ ಇಡುವವಳು ನಾನು. ಹೀಗಳೆಯುವುದಕ್ಕಲ್ಲ, ಕೇಳುತ್ತ ಕೂತರೆ ನಗು ಬಂದುಬಿಡುತ್ತಿತ್ತು, ಹೇಳುವವರಿಗೆ ನೋವಾಗಬಾರದಲ್ಲ ಎಂದು. ನನ್ನನ್ನು ಬೆಳೆಸಿದ ಅಜ್ಜಿಯೂ ಇಂಥ ಕತೆ ಹೇಳಿದವಳಲ್ಲ. ಗದಗಿನ ಕಡೆಯಿಂದ ಮಗನ ನೌಕರಿಯ ಹಿಂದೆ ಕಲ್ಕತ್ತೆಗೆ ಬಂದು, ಲೇಕ್ ಗಾರ್ಡನ್ಸ್‌ನ ಎರಡು ಕೋಣೆಯ ಮನೆಯಲ್ಲಿ ಇಪ್ಪತ್ತು ವರ್ಷ ಬಾಳಿದಳು. ಬಂಗಾಳಿ ಕಲಿಯಲಿಲ್ಲ, ನನಗೆ ಕನ್ನಡ ಕಲಿಸಿದಳು. ಅಡುಗೆಮನೆಯ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಬರೆದು ತೋರಿಸಿದ ಅಕ್ಷರ ಇದು. ನಾನು ಕನ್ನಡ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಇಷ್ಟನ್ನು ಯಾಕೆ ಹೇಳಿದೆನೆಂದರೆ, ಮುಂದೆ ಹೇಳುವುದು ಈ ಅಕ್ಷರದಿಂದಲೇ ಆಯಿತು. ಅದು ನಡೆದು ಕೆಲವು ವರ್ಷಗಳಾದವು. ಮನೆಯವರು, ತಂಡದವರನ್ನು ಬಿಟ್ಟು ಹೊರಗಿನ ಯಾರಿಗೂ ಪೂರ್ತಿ ಹೇಳಿಲ್ಲ. ನಂಬಿ ಎಂದು ನಾನು ಕೇಳುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಕಲ್ಕತ್ತೆಯಲ್ಲೇ ಕಸ್ಬಾ ಕಡೆಯ ಒಂದು ಆಸ್ಪತ್ರೆಯಲ್ಲಿ ನನ್ನ ಕೆಲಸ. ನಾನು ಡಾಕ್ಟರಲ್ಲ, ನರ್ಸೂ ಅಲ್ಲ. ಹೃದಯದ ಕಾಯಿಲೆಯಿಂದ ಬಂದವರು ಗುಣವಾಗಿ ಮನೆಗೆ ಹೋದಮೇಲೆ ಒಂದು ತಿಂಗಳು ಅವರನ್ನು ವಿಚಾರಿಸಿಕೊಳ್ಳಲು ನಮ್ಮಲ್ಲಿ ಒಂದು ತಂಡವಿದೆ. ಮನೆಗೆ ಹೋದ ಮೊದಲ ಕೆಲವು ದಿನಗಳಲ್ಲೇ ಎಷ್ಟೋ ಜನ ಮತ್ತೆ ಕೆಡುತ್ತಾರೆ, ಗುಳಿಗೆ ತಪ್ಪುತ್ತದೆ, ಉಪ್ಪು ಹೆಚ್ಚಾಗುತ್ತದೆ, ಹೇಳುವವರಿರುವುದಿಲ್ಲ. ಅದಕ್ಕೇ ಈ ತಂಡ. ಒಬ್ಬರು ದೊಡ್ಡ ಡಾಕ್ಟರು, ಮನೆಮನೆಗೆ ಹೋಗಿ ನೋಡುವ ನರ್ಸ್ ಮಿತಾಲಿದಿ, ಔಷಧಿಗಳ ಲೆಕ್ಕ ನೋಡುವ ತಾಪಸ್, ಮತ್ತು ಫೋನ್ ಮಾಡುವ ನಾನು. ತೂಕ ಎಷ್ಟು, ಕಾಲು ಬಾತಿದೆಯೇ, ಮಲಗುವಾಗ ಎಷ್ಟು ದಿಂಬು ಬೇಕು, ಊಟ ಸೇರುತ್ತದೆಯೇ, ಗುಳಿಗೆ ತೆಗೆದುಕೊಂಡಿರಾ: ದಿನಕ್ಕೆ ಇಪ್ಪತ್ತು ಮನೆಗೆ ಇದೇ ಪ್ರಶ್ನೆ, ಬಂಗಾಳಿಯಲ್ಲಿ, ಹಿಂದಿಯಲ್ಲಿ, ಒಮ್ಮೊಮ್ಮೆ ಇಂಗ್ಲಿಷಿನಲ್ಲಿ.

ಒಬ್ಬೊಬ್ಬ ರೋಗಿಗೆ ಒಂದೊಂದು ಹಸಿರು ಹಾಳೆ. ಅದರಲ್ಲಿ ನಾಲ್ಕು ಜನಕ್ಕೆ ನಾಲ್ಕು ಅಂಕಣ. ನಾನು ಕೇಳಿದ್ದನ್ನು ನನ್ನ ಅಂಕಣದಲ್ಲಿ ಬರೆದು ಹಾಳೆಯನ್ನು ಸಂಬಂಧಪಟ್ಟವರ ಟ್ರೇಗೆ ಹಾಕಬೇಕು. ಅವರು ಓದಿ, ಮಾಡಬೇಕಾದ್ದನ್ನು ಮಾಡಿ, ಟಿಕ್ ಹಾಕಬೇಕು. ಫೋನಿನಲ್ಲಿ ಔಷಧಿಯ ಬಗ್ಗೆ ನಾನು ಒಂದು ಮಾತೂ ಹೇಳುವ ಹಾಗಿಲ್ಲ. ಹೊಸ ತೊಂದರೆ ಏನಾದರೂ ಕಂಡರೆ ಹಾಳೆಗೆ ಕೆಂಪು ಚೀಟಿ ಅಂಟಿಸಬೇಕು. ಕೆಂಪು ಚೀಟಿ ಇದ್ದರೆ ಯಾರು ಎಲ್ಲಿದ್ದರೂ ಕೂಡಲೇ ನೋಡಬೇಕು. ಒಳ್ಳೆಯ ಏರ್ಪಾಡು. ಒಂದೇ ಒಂದು ಕೊರತೆ. ಯಾರಿಗೂ ಪಕ್ಕದವರ ಅಂಕಣ ಓದುವಷ್ಟು ಪುರಸೊತ್ತು ಇರಲಿಲ್ಲ.

ನನಗೊಂದು ಕೆಟ್ಟ ಚಟ, ಕೈಗೆ ಸಿಕ್ಕಿದ ಕಾಗದದ ಅಂಚಿನಲ್ಲಿ ಮನೆಗೆ ತರಬೇಕಾದ ಸಾಮಾನು ಬರೆದುಕೊಳ್ಳುವುದು, ಅದೂ ಕನ್ನಡದಲ್ಲಿ. ಬಂಗಾಳಿಗಳ ಕಣ್ಣಿಗೆ ನಮ್ಮ ಅಕ್ಷರ ಜಿಲೇಬಿಯ ಹಾಗೆ ಕಾಣುತ್ತದಂತೆ. ಜಿಲಿಪಿ ಎನ್ನುತ್ತಾರೆ. ತಾಪಸ್ ನನಗಿಂತ ಹತ್ತು ವರ್ಷ ಚಿಕ್ಕವನು, ನನ್ನನ್ನು ದಿದಿ, ಎಂದರೆ ಅಕ್ಕ, ಎನ್ನುವವನು, ಚೇಷ್ಟೆ ಜಾಸ್ತಿ. "ದಿದಿ, ಈವತ್ತು ಡಾಕ್ಟರ ಹಾಳೆಯ ಮೇಲೂ ಜಿಲಿಪಿ ಸುತ್ತಿದ್ದೀರಿ. ಅವರಿಗೆ ಸಕ್ಕರೆ ಕಾಯಿಲೆ ಇದೆ, ಸ್ವಲ್ಪ ನೋಡಿಕೊಳ್ಳಿ" ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದೆವು.

ಆ ಚಳಿಗಾಲದಲ್ಲಿ ನಮ್ಮ ಪಟ್ಟಿಗೆ ನಿರ್ಮಲಬಾಬು ಸೇರಿದರು. ಭೂಗೋಳದ ಮೇಷ್ಟ್ರಾಗಿದ್ದವರು, ಎಪ್ಪತ್ತು ದಾಟಿದವರು. ಆಸ್ಪತ್ರೆಯಲ್ಲಿದ್ದಾಗ ನಾನೇ ಹೋಗಿ ಮಾತಾಡಿಸಿದ್ದೆ. ನಾನು ಕನ್ನಡದವಳೆಂದು ತಿಳಿದು, ಗೋದಾವರಿ, ಕೃಷ್ಣೆ, ತುಂಗಭದ್ರೆ ಎಂದು ನದಿಗಳನ್ನು ಉತ್ತರದಿಂದ ದಕ್ಷಿಣಕ್ಕೆ ಒಪ್ಪಿಸಿದರು. "ನಕ್ಷೆಯಲ್ಲಿ ನೋಡಿದ್ದೇ ಹೊರತು ಒಂದನ್ನೂ ಕಣ್ಣಾರೆ ಕಂಡಿಲ್ಲ ಮಾ" ಎಂದು ನಕ್ಕರು. ಕಸ್ಬಾದಲ್ಲೇ ಮನೆ. ಮನೆಯಲ್ಲಿ ಹೆಂಡತಿ, ಮತ್ತು ಮಾಲ್ ಒಂದರ ಸೀರೆ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ರೂಮಾ. ಹೋಗುವ ದಿನ ತಾಪಸ್ ರೂಮಾಗೆ ಏಳು ದಿನಕ್ಕೆ ಏಳು ಮುಚ್ಚಳವಿರುವ ಗುಳಿಗೆ ಡಬ್ಬಿ ಕೊಟ್ಟು ತುಂಬುವುದನ್ನು ಕಲಿಸಿದ. ಆಕೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಅಪ್ಪನ ವಿಷಯದಲ್ಲಿ ಅಷ್ಟು ಜಾಗ್ರತೆಯ ಮಗಳು.

ಐದನೆಯ ದಿನ ಶನಿವಾರ. ನಮಗೆ ಅರ್ಧ ದಿನ. ಮರುದಿನ ನಮ್ಮ ಕನ್ನಡದವರ ಒಂದು ಸಣ್ಣ ಕೂಟವಿತ್ತು, ನಲವತ್ತು ಜನಕ್ಕೆ ಹೋಳಿಗೆಯ ಹೂರಣ ಮಾಡುವ ಹೊಣೆ ನನ್ನ ಮೇಲೆ ಬಿದ್ದಿತ್ತು. ಆ ವಾರವೆಲ್ಲ ಹಸಿರು ಹಾಳೆಗಳ ಅಂಚಿನಲ್ಲಿ ಬೇಳೆ, ಬೆಲ್ಲ, ಏಲಕ್ಕಿ.

ಬೆಳಿಗ್ಗೆ ಹನ್ನೊಂದರ ಸುಮಾರಿಗೆ ನಿರ್ಮಲಬಾಬುವಿನ ಮನೆಗೆ ಫೋನ್ ಮಾಡಿದೆ. ಬಹಳ ಹೊತ್ತು ರಿಂಗಾಗಿ ಒಬ್ಬ ಹೆಂಗಸು ಎತ್ತಿಕೊಂಡಳು. ಆಸ್ಪತ್ರೆಯಿಂದ ಮಾತಾಡುತ್ತಿದ್ದೇನೆ ಎಂದೆ.

"ಹೂಂ, ಹೇಳವಾ. ಅವರು ಮಲಗ್ಯಾರ. ನಾ ಅವರ ಹೆಂಡತಿ."

"ಊಟಾ ಸೇರತದೇನ್ರೀ ಅವರಿಗೆ?"

"ಎಲ್ಲೀ ಊಟ ತರ್ತಿ. ನಿನ್ನೆಯಿಂದ ಎರಡು ತುತ್ತು ಸೈತ ಇಳಿದಿಲ್ಲ. ಗ್ವಾಡಿಗೆಲ್ಲಾ ಅರಿಶಿಣಾ ಬಳದಂಗ ಕಾಣತದಂತ."

"ಗುಳಿಗಿ ತಗೊಂಡ್ರೇನ್ರೀ?"

"ಗುಳಿಗೀದೇ ಹೇಳಬೇಕಂತಿದ್ದೆ ನಿನಗ. ಹೀರಿಹೂವಿನ ಬಣ್ಣದ್ದೂ, ಬಿಳೇದೂ, ಎರಡೂ ಒಂದೇ ಅದಾವ. ಮ್ಯಾಲಿನ ಅಂಗಿ ಅಷ್ಟೇ ಬ್ಯಾರೆ. ಎರಡೂ ಕೊಡಬ್ಯಾಡ ಅಂತ ನಮ್ಮ ಮಗಳಿಗೆ ಹೇಳವಾ. ನಾ ಹೇಳಿದ್ದು ಆಕಿಗೆ ಮುಟ್ಟೂದಿಲ್ಲ."

ಬರೆದುಕೊಂಡೆಯಾ ಎಂದು ಕೇಳಿದಳು. ಬರೆದುಕೊಂಡೆ ಎಂದೆ. ಚಳಿ ಬಹಳ ಇದೆ, ಕಿವಿಗೆ ಕಟ್ಟಿಕೋ ಎಂದಳು. ಇನ್ನೂ ಏನೋ ಎರಡು ಮಾತು ಆಡಿದೆವು, ಅವು ನೆನಪಿಲ್ಲ. ಗಾಬರಿಯ ದನಿಯಲ್ಲ. ಮಧ್ಯಾಹ್ನ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತ ಮಾತಾಡುವ ಹಿರಿಯರ ದನಿ. ಇಪ್ಪತ್ತು ಫೋನುಗಳ ದಣಿವಿನ ನಡುವೆ ಆ ಒಂದು ಕರೆ ನನಗೆ ಎಷ್ಟು ಹಿತವಾಗಿತ್ತೆಂದರೆ, ಇಟ್ಟಮೇಲೆ ನಾನು ಸಣ್ಣಗೆ ಏನನ್ನೋ ಗುನುಗುತ್ತಿದ್ದೆನಂತೆ. ಇದನ್ನು ಆಮೇಲೆ ಮಿತಾಲಿದಿ ಹೇಳಿದಳು.

ನನ್ನ ಅಂಕಣದಲ್ಲಿ ಎರಡು ಸಾಲು ಬರೆದೆ. "ಮಾತಾಡಿದವರು ಯಾರು" ಎಂಬಲ್ಲಿ ಇಂಗ್ಲಿಷಿನಲ್ಲಿ ಹೆಂಡತಿ ಎಂದು ತುಂಬಿದೆ. ಔಷಧಿಯ ವಿಷಯವಾದ್ದರಿಂದ ಹಾಳೆಯನ್ನು ತಾಪಸನ ಟ್ರೇಗೆ ಹಾಕಿದೆ. ಕೆಂಪು ಚೀಟಿ ಅಂಟಿಸಲಿಲ್ಲ. ಯಾಕೆ ಅಂಟಿಸಲಿಲ್ಲ ಎಂದು ನನ್ನನ್ನು ನಾನು ಎಷ್ಟು ಸಾರಿ ಕೇಳಿಕೊಂಡಿದ್ದೇನೋ. ಊಟ ಬಿಟ್ಟಿದ್ದಾರೆ, ಗೋಡೆ ಹಳದಿಯಾಗಿ ಕಾಣುತ್ತಿದೆ, ಇಷ್ಟಕ್ಕೆ ಯಾರಾದರೂ ಕೆಂಪು ಚೀಟಿ ಹುಡುಕಬೇಕು. ಆದರೆ ಆ ಮಾತು ಬಂದ ರೀತಿ ಹಾಗಿತ್ತು. ಮನೆಯವರು ಮನೆಯ ವಿಷಯ ಹೇಳಿದ ಹಾಗೆ. ಮನೆಯ ಮಾತಿಗೆ ಯಾರಾದರೂ ಚೀಟಿ ಅಂಟಿಸುತ್ತಾರೆಯೇ? ಹನ್ನೆರಡೂವರೆಗೆ ನಾನು ಬೇಳೆ ತರಲು ಹೋದೆ.

ಸೋಮವಾರ ಬೆಳಿಗ್ಗೆ ನಿರ್ಮಲಬಾಬುವನ್ನು ತುರ್ತು ವಿಭಾಗಕ್ಕೆ ತಂದರು. ನಾಡಿ ಬಹಳ ನಿಧಾನವಾಗಿತ್ತಂತೆ. ಒಂದು ಗಂಟೆಯೊಳಗೆ ಹೋಗಿಬಿಟ್ಟರು.

ನಮ್ಮಲ್ಲಿ ಒಂದು ಪದ್ಧತಿ: ತಿಂಗಳೊಳಗೆ ಯಾರಾದರೂ ತೀರಿಕೊಂಡರೆ ನಾಲ್ವರೂ ಒಂದು ಮೇಜಿನ ಸುತ್ತ ಕೂತು ಅವರ ಹಾಳೆಯನ್ನು ಮೊದಲಿನಿಂದ ಓದಬೇಕು. ಮಂಗಳವಾರ ಕೂತೆವು. ಕಾರಣ ಆಗಲೇ ಗೊತ್ತಾಗಿತ್ತು. ಹೃದಯದ ಬಡಿತ ಹತೋಟಿಗೆ ತರುವ ಒಂದು ಗುಳಿಗೆಯನ್ನು ನಿರ್ಮಲಬಾಬುವಿಗೆ ಅವರ ಪಾಡಾದ, ಎಂದರೆ ಕೇರಿಯ, ಡಾಕ್ಟರು ಮೊದಲಿನಿಂದ ಕೊಡುತ್ತಿದ್ದರು. ನಾವು ಅದೇ ಔಷಧಿಯನ್ನು ಬೇರೆ ಕಂಪನಿಯ ಬೇರೆ ಹೆಸರಿನಲ್ಲಿ ಬರೆದುಕೊಟ್ಟಿದ್ದೆವು. ಹಳೆಯದನ್ನು ನಿಲ್ಲಿಸಿ ಎಂದು ಹಾಳೆಯಲ್ಲಿ ಯಾರೂ ಬರೆದಿರಲಿಲ್ಲ. ಜಾಗ್ರತೆಯ ಮಗಳು ಎರಡನ್ನೂ ತಪ್ಪದೆ ಡಬ್ಬಿಗೆ ತುಂಬಿದ್ದಳು. ಒಂದು ಬಿಳಿ, ಒಂದು ತೆಳು ಹಳದಿ.

ಡಾಕ್ಟರು ಓದುತ್ತ ನನ್ನ ಅಂಕಣಕ್ಕೆ ಬಂದು ನಿಂತರು. "ಇದೇನಿದು?" ಎಂದರು.

ತಾಪಸ್ ಬಗ್ಗಿ ನೋಡಿದ. "ಅದು ದಿದಿಯ ಜಿಲಿಪಿ ಸರ್. ಶನಿವಾರ ನೋಡಿದೆ. ಅಡುಗೆ ಸಾಮಾನಿನ ಪಟ್ಟಿ ಅಂತ..." ಎಂದವನು ಅಲ್ಲಿಗೇ ನಿಲ್ಲಿಸಿದ. ಅವನ ಟಿಕ್ ಪಕ್ಕದಲ್ಲೇ ಇತ್ತು.

ನಾನು ಹಾಳೆಯನ್ನು ತಿರುಗಿಸಿಕೊಂಡು ನೋಡಿದೆ. ಅಂಚಿನಲ್ಲಲ್ಲ, ಅಂಕಣದೊಳಗೇ, ಗೆರೆಯ ಮೇಲೆ, ನನ್ನ ಕೈಬರಹದಲ್ಲಿ ಅಚ್ಚ ಕನ್ನಡದ ಎರಡು ಸಾಲು. "ಊಟ ಇಲ್ಲ. ಗ್ವಾಡಿ ಅರಿಶಿಣ ಕಾಣತದ. ಹೀರಿಹೂವಿನ ಬಣ್ಣದ್ದೂ ಬಿಳೇದೂ ಎರಡೂ ಒಂದೇ, ಎರಡೂ ಕೊಡಬ್ಯಾಡ ಅಂತ ಮಗಳಿಗೆ ಹೇಳಬೇಕು." ಹನ್ನೊಂದು ವರ್ಷದ ನೌಕರಿಯಲ್ಲಿ ಅಂಕಣದೊಳಗೆ ನಾನು ಒಂದು ಕನ್ನಡ ಅಕ್ಷರವನ್ನೂ ಬರೆದಿರಲಿಲ್ಲ. ಕನ್ನಡದಲ್ಲಿ ಬರೆದದ್ದು ನನಗೆ ತಿಳಿದಿರಲೂ ಇಲ್ಲ.

ಅರ್ಥ ಹೇಳಿದೆ. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ತಾಪಸ್ ಕೇಳಿದ: "ಅವರು ಹೇಳಿದ್ದನ್ನು ನೀವು ನಿಮ್ಮ ಭಾಷೆಯಲ್ಲಿ ಯಾಕೆ ಬರೆದಿರಿ, ದಿದಿ?"

"ಯಾಕೆಂದರೆ ಅವರು ಹೇಳಿದ್ದೇ..." ಎಂದು ಬಾಯಿ ತೆರೆದೆ. ಆ ಗಳಿಗೆಯವರೆಗೆ ನನಗೆ ಹೊಳೆದೇ ಇರಲಿಲ್ಲ. ಕಸ್ಬಾದ ಒಂದು ಬಂಗಾಳಿ ಮನೆಯಲ್ಲಿ, ನಮ್ಮ ಅಡುಗೆಮನೆಯ ಮಾತಿನಲ್ಲಿ ನನ್ನೊಡನೆ ಮಾತಾಡಿದವರು ಯಾರು? ದಿನವೆಲ್ಲ ಮೂರು ಭಾಷೆಗಳ ನಡುವೆ ಓಡಾಡುವವರಿಗೆ ಯಾವುದರಿಂದ ಯಾವುದಕ್ಕೆ ದಾಟಿದೆವು ಎಂಬುದು ಗಮನಕ್ಕೆ ಬರುವುದಿಲ್ಲ, ನಿಜ. ಆದರೆ ದಾಟುವುದಕ್ಕೆ ಆ ಕಡೆ ಒಬ್ಬರು ಇರಬೇಕಲ್ಲ.

ಆಗ ಮಿತಾಲಿದಿ ಮೆಲ್ಲಗೆ ತನ್ನ ಅಂಕಣದ ಮೇಲೆ ಬೆರಳಿಟ್ಟಳು. ಮೂರನೆಯ ದಿನ ಅವಳು ಮನೆಗೆ ಹೋಗಿ ಬಂದು ಬರೆದದ್ದು. ನನ್ನ ಎರಡು ಸಾಲಿಗೆ ತಾಗಿಕೊಂಡೇ ಇತ್ತು, ನಾನು ಓದಿರಲಿಲ್ಲ. ಹೆಂಡತಿ ಮೂರು ವರ್ಷದಿಂದ ಹಾಸಿಗೆ ಹಿಡಿದಿದ್ದಾರೆ, ಲಕ್ವ, ಬಲಗೈ ಬಲಗಾಲು ಆಡುವುದಿಲ್ಲ, ಮಾತಿಲ್ಲ.

ಬುಧವಾರ ನಾನೂ ಮಿತಾಲಿದಿಯೂ ಅವರ ಮನೆಗೆ ಹೋದೆವು. ತೀರಿಕೊಂಡವರ ಮನೆಗೆ ತಂಡದ ಇಬ್ಬರಾದರೂ ಹೋಗಿ ಬರುವುದು ನಮ್ಮ ರೂಢಿ. ಎರಡನೆಯ ಮಹಡಿ, ಕಿರಿದಾದ ಮನೆ. ಗೋಡೆಯ ಮೇಲೆ ಬಣ್ಣ ಮಾಸಿದ ಒಂದು ಭಾರತದ ನಕ್ಷೆ. ಒಳಗಿನ ಕೋಣೆಯಲ್ಲಿ ಎರಡು ಮಂಚ, ಒಂದು ಖಾಲಿ. ಇನ್ನೊಂದರ ಮೇಲೆ ನಿರ್ಮಲಬಾಬುವಿನ ಹೆಂಡತಿ, ಹಿರಿಯ ಹೆಂಗಸರನ್ನು ಬಂಗಾಳಿಯಲ್ಲಿ ಕರೆಯುವ ಹಾಗೆ ನಮಗೆ ಮಾಶಿಮಾ. ಸಣ್ಣ ಆಕಾರ, ಬಾಯಿ ಒಂದು ಕಡೆಗೆ ಎಳೆದಿತ್ತು, ಕಣ್ಣು ತೆರೆದಿದ್ದವು. ಎರಡು ಮಂಚಗಳ ನಡುವಿನ ಸ್ಟೂಲಿನ ಮೇಲೆ ಗುಳಿಗೆ ಡಬ್ಬಿ ಇನ್ನೂ ಇತ್ತು. ಸೋಮವಾರದಿಂದ ಮುಂದಿನ ಮುಚ್ಚಳಗಳನ್ನು ಯಾರೂ ತೆರೆದಿರಲಿಲ್ಲ.

ರೂಮಾ ಅಳುತ್ತಿರಲಿಲ್ಲ. ಚಹಾ ತಂದಿಟ್ಟಳು, ಎದುರು ಕೂತಳು. "ನನ್ನ ಕೈಯಾರೆ ತುಂಬಿದ್ದು, ದಿದಿ" ಎಂದಳು. "ಭಾನುವಾರ ವಾಂತಿ ಮಾಡಿದರೂ ಗದರಿಸಿ ನುಂಗಿಸಿದೆ. ಬಾಬಾ ಬೇಡ ಬೇಡ ಅಂದರು. ಮೇಷ್ಟ್ರಾಗಿ ಹೀಗೆ ಹಟ ಮಾಡ್ತೀರಲ್ಲ ಅಂತ ನಗಿಸಿ ನುಂಗಿಸಿದೆ."

ಮೊದಲು ನಾನು ಕೇಳಬೇಕಾದ್ದನ್ನು ಕೇಳಿದೆ. ಶನಿವಾರ ಹನ್ನೊಂದರ ಹೊತ್ತಿಗೆ ಮನೆಯಲ್ಲಿ ಯಾರಿದ್ದರು? ರೂಮಾ ಒಂಬತ್ತೂವರೆಗೆ ಅಂಗಡಿಗೆ ಹೋಗಿದ್ದಳು. ನೋಡಿಕೊಳ್ಳಲು ಬರುವ ಆಯಾ ಕ್ಯಾನಿಂಗ್ ಎಂಬ ಊರಿನ ಕಡೆಯವಳು, ಅವತ್ತು ಲೋಕಲ್ ರೈಲು ತಡವಾಗಿ ಹನ್ನೆರಡಕ್ಕೆ ಬಂದಳು. ಬೀಗದ ಕೈ ಅವರಿಬ್ಬರ ಹತ್ತಿರ ಬಿಟ್ಟರೆ ಬೇರೆ ಇಲ್ಲ. ಅವಳು ಬಂದಾಗ ನಿರ್ಮಲಬಾಬು ಗಾಢ ನಿದ್ದೆಯಲ್ಲಿದ್ದರು. ಫೋನ್? ಅದು ಯಾವಾಗಲೂ ಮಾಶಿಮಾ ದಿಂಬಿನ ಪಕ್ಕದಲ್ಲಿರುತ್ತದೆ. ರಿಂಗಾದರೆ ಬಾಬಾ ಈ ಮಂಚದಿಂದ ಕೈ ಚಾಚಿ ತೆಗೆದುಕೊಳ್ಳುತ್ತಿದ್ದರು. ರೂಮಾ ಫೋನ್ ತೆಗೆದು ನೋಡಿದಳು. ಶನಿವಾರ, ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಆಸ್ಪತ್ರೆಯಿಂದ ಕರೆ. ಮಾತಾಡಿದ್ದು ಏಳು ನಿಮಿಷ.

ನಿಮ್ಮ ತಾಯಿ ಯಾವಾಗಲಾದರೂ ನಮ್ಮ ಕಡೆ ಇದ್ದರೇ, ಹುಬ್ಬಳ್ಳಿ, ಗದಗ, ಬೆಂಗಳೂರು? ರೂಮಾ ನನ್ನ ಮುಖವನ್ನೇ ನೋಡಿದಳು. ಮಾ ಹುಟ್ಟಿದ್ದು ಕೃಷ್ಣನಗರದಲ್ಲಿ. ಮದುವೆಯಾಗಿ ಈ ಮನೆಗೆ ಬಂದರು. ದೂರವೆಂದರೆ ಪುರಿಗೆ ಹೋಗಿದ್ದು, ಅದೂ ಒಂದು ಸಾರಿ.

ಇಲ್ಲಿಗೆ ಎದ್ದು ಬಂದುಬಿಡಬಹುದಾಗಿತ್ತು. ಮಿತಾಲಿದಿ ಕಣ್ಣಲ್ಲೇ ಹೊರಡೋಣ ಎಂದಳು. ಆದರೆ ಎದುರಿಗೆ ಆ ಹುಡುಗಿ ತನ್ನ ಎರಡು ಕೈಗಳನ್ನು ಬೇರೆ ಯಾರದೋ ವಸ್ತುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅದನ್ನು ನೋಡಿಕೊಂಡು ಬರಲಾಗಲಿಲ್ಲ. ಹೇಳಿದೆ. ಹಳೆಯದನ್ನು ನಿಲ್ಲಿಸಿ ಎಂದು ಬರೆಯಬೇಕಾದವರು ನಾವು, ಬರೆಯಲಿಲ್ಲ. ಅಷ್ಟೇ ಅಲ್ಲ, ಶನಿವಾರವೇ ನನಗೆ ಒಬ್ಬರು ಎಚ್ಚರಿಸಿದ್ದರು. ನಾನು ಅದನ್ನು ತಂಡದಲ್ಲಿ ಯಾರೂ ಓದಲಾರದ ಅಕ್ಷರದಲ್ಲಿ ಬರೆದು ಮನೆಗೆ ಹೋದೆ. ನಿನ್ನ ಕೈಯದಲ್ಲ ತಪ್ಪು, ನನ್ನ ಕೈಯದು.

ರೂಮಾ ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಯಾರು ಎಚ್ಚರಿಸಿದ್ದು, ದಿದಿ?"

ಎದ್ದು ಒಳಗೆ ಹೋದೆ. ಮಂಚದ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಮಾಶಿಮಾ ಅವರ ಕಿವಿಯ ಹತ್ತಿರ ಬಾಯಿಟ್ಟು ಹೇಳಿದೆ, "ಅಮ್ಮಾ, ನೀವೇನ್ರೀ ಮಾತಾಡಿದ್ದು?" ಅವರು ನನ್ನ ಕಡೆ ನೋಡಿದರು. ಫ್ಯಾನಿನ ಕಡೆ ಹೇಗೆ ನೋಡುತ್ತಿದ್ದರೋ ಹಾಗೆಯೇ ನೋಡಿದರು. ಗುಳಿಗೆ ಡಬ್ಬಿಯನ್ನು ಎತ್ತಿ ತೋರಿಸಿದೆ. ಏನೂ ಇಲ್ಲ. ಆಡುವ ಎಡಗೈಯನ್ನು ಹಿಡಿದೆ. ಬೆಚ್ಚಗಿತ್ತು, ಅಷ್ಟೇ. ಇನ್ನೊಮ್ಮೆ ಕೇಳಿದೆ. ಬಾಯಿಯ ಓರೆ ಮೂಲೆಯಲ್ಲಿ ಜೊಲ್ಲು ಇಳಿಯಿತು, ಸೆರಗಿನಿಂದ ಒರೆಸಿದೆ.

ಬಾಗಿಲಲ್ಲಿ ರೂಮಾ ನಿಂತಿದ್ದಳು. ನಾನು ಯಾರನ್ನು ಕೇಳುತ್ತಿದ್ದೇನೆಂದು ಅವಳಿಗೆ ತಿಳಿದುಹೋಗಿತ್ತು. ಭಾಷೆ ತಿಳಿಯದಿದ್ದರೂ ಅದು ತಿಳಿಯದ ಸಂಗತಿಯೇ?

"ಮೂರು ವರ್ಷ" ಎಂದಳು. "ಮೂರು ವರ್ಷದಿಂದ ದಿನಾ ಮಾ ಹತ್ತಿರ ಕೂತು, ಒಂದು ಸಾರಿ ರೂಮಾ ಅನ್ನು, ಒಂದೇ ಸಾರಿ ಅನ್ನು ಅಂತ ಕೇಳಿದ್ದೀನಿ. ಮಾತು ಬಂದಿದ್ದರೆ ನನ್ನ ಹತ್ತಿರ ಆಡದೆ ನಿಮ್ಮ ಹತ್ತಿರ ಯಾಕೆ ಆಡಿದರು, ದಿದಿ? ನನಗೆ ಗೊತ್ತಾಗದ ಮಾತಲ್ಲಿ ಯಾಕೆ ಆಡಿದರು?"

ಸೆರಗಿನ ಒದ್ದೆ ಮೂಲೆಯನ್ನು ಮಡಿಸಿ ಸಿಕ್ಕಿಸಿಕೊಂಡು ಎದ್ದೆ.

ಕಾರಣಗಳನ್ನು ಹೇಳುವವರು ಹೇಳಿದರು. ತಾಪಸನ ಲೆಕ್ಕದಲ್ಲಿ ಯಾರೋ ಬಂಗಾಳಿಯಲ್ಲೇ ಹೇಳಿರಬೇಕು, ದಣಿದ ತಲೆ ಅದನ್ನು ಕನ್ನಡ ಮಾಡಿ ಇಟ್ಟುಕೊಂಡಿರಬೇಕು. ಆಗಲಿ. ಆ ಯಾರೋ ಯಾರು? ಬೀಗ ಹಾಕಿದ ಮನೆಯಲ್ಲಿ ನಿದ್ದೆಹೋದ ಗಂಡ, ಮಾತಿಲ್ಲದ ಹೆಂಡತಿ. ನಿರ್ಮಲಬಾಬುವೇ ಎದ್ದು ಮಾತಾಡಿದ್ದರೆ, ತಾನು ತಿನ್ನುತ್ತಿರುವುದು ವಿಷವೆಂದು ಬಲ್ಲವರು ಮಗಳ ಕೈಯಿಂದ ಮತ್ತೆ ಯಾಕೆ ನುಂಗಿದರು? ಡಾಕ್ಟರು ಬೇರೆ ಮಾತು ಹೇಳಿದರು. ಎರಡೂ ಒಂದೇ ಔಷಧಿ ಎಂಬುದು ನಿಮ್ಮ ಮನಸ್ಸಿಗೆ ಎಲ್ಲೋ ಹೊಳೆದಿರಬೇಕು, ಅದನ್ನೇ ದನಿಯಾಗಿ ಕೇಳಿದಿರಿ ಎಂದು. ಆ ಗುಳಿಗೆಗಳ ಬಣ್ಣವನ್ನು ನಾನು ಅಂದಿನವರೆಗೆ ಕಂಡಿರಲಿಲ್ಲ. ನಮ್ಮ ಮನೆಯವರು ಮಾತ್ರ, ಅದು ನಿನ್ನ ಅಜ್ಜಿಯೇ ಇರಬೇಕು ಎಂದರು. ಅಲ್ಲ. ಅಜ್ಜಿಯ ದನಿ ನನಗೆ ಗೊತ್ತು, ನಿದ್ದೆಯಲ್ಲೂ ಗುರುತಿಸಬಲ್ಲೆ. ಹೌದು ಎಂದುಕೊಂಡರೆ ಸಮಾಧಾನವಾಗುತ್ತಿತ್ತು. ಆದರೆ ಆ ದನಿಯನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ.

ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಔಷಧಿಯ ಪಟ್ಟಿಯಲ್ಲಿ "ನಿಲ್ಲಿಸಬೇಕಾದವು" ಎಂದು ಒಂದು ಹೊಸ ಗೆರೆ ಬಂತು. ಟ್ರೇಗೆ ಹಾಕುವ ಮುನ್ನ ಪಕ್ಕದ ಅಂಕಣ ಓದಿ ಸಹಿ ಮಾಡಬೇಕೆಂದಾಯಿತು. ತಾಪಸ್ ಆಮೇಲೆ ಎಂದೂ ಜಿಲಿಪಿ ಎನ್ನಲಿಲ್ಲ. ಸಾಮಾನಿನ ಪಟ್ಟಿಯನ್ನು ನಾನೂ ಈಗ ಫೋನಿನಲ್ಲಿ ಬರೆದುಕೊಳ್ಳುತ್ತೇನೆ.

ಮೂವತ್ತನೆಯ ದಿನ ಒಂದು ಕೊನೆಯ ಕರೆ ಮಾಡಿ ಹಾಳೆಯನ್ನು ಮುಚ್ಚಬೇಕು. ರೋಗಿ ಇಲ್ಲದಿದ್ದರೆ ಮನೆಯವರನ್ನು ವಿಚಾರಿಸಬೇಕು. ಬೇರೆಯವರು ಮಾಡುತ್ತೇವೆ ಎಂದರು, ನಾನೇ ಮಾಡುತ್ತೇನೆ ಎಂದೆ. ಹನ್ನೊಂದೂ ಹತ್ತಕ್ಕೆ ಮಾಡಿದೆ, ಬೇಕೆಂದೇ. ಬಹಳ ಹೊತ್ತು ರಿಂಗಾಗಿ ಫೋನ್ ಎತ್ತಿದ ಸದ್ದಾಯಿತು. ನಾನು ಬಂಗಾಳಿಯಲ್ಲಿ ಏನೂ ಹೇಳಲಿಲ್ಲ. "ಅಮ್ಮಾ, ಬರಕೊಂಡಿದ್ದೆನ್ರೀ. ಮುಟ್ಟಸಲಿಕ್ಕೆ ಆಗಲಿಲ್ಲ" ಎಂದೆ.

ಆ ಕಡೆ ಉಸಿರಿತ್ತು. ಮಾತು ಬರಲಿಲ್ಲ. ಮೇಜಿನ ಮೇಲಿನ ಗಡಿಯಾರ ನೋಡಿಕೊಂಡು ಕಾದೆ. ಏಳು ನಿಮಿಷವಾದಮೇಲೆ ನಾನೇ ಇಟ್ಟೆ.

ಹಾಳೆಯಲ್ಲಿ "ಮಾತಾಡಿದವರು ಯಾರು" ಎಂಬಲ್ಲಿ ಅಂದು ಏನೂ ಬರೆಯಲಿಲ್ಲ. ಆ ಜಾಗ ಇಂದಿಗೂ ಖಾಲಿ ಇದೆ.